ಅನ್ಯಾಯದೊಂದಿಗೆ ವ್ಯಾಪಾರವಿಲ್ಲ: ದಕ್ಷಿಣ ಆಫ್ರಿಕಾದ ಮೇಲೆ ಭಾರತ ಹಾಕಿದ ನಿರ್ಬಂಧದ ಕಥೆ



ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ಒಂದು ವಾರ ಬಂದ್ ಆದರೆ ನಷ್ಟ ಯಾರಿಗೆ? ಹಾವೇರಿ, ರಾಣೇಬೆನ್ನೂರು, ಬ್ಯಾಡಗಿಯ ಜನರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಚೀಲ ತಂದ ರೈತನಿಗೆ ನಷ್ಟ, ದಲಾಲರಿಗೆ ನಷ್ಟ, ಚೀಲ ಹೊರುವ ಹಮಾಲರಿಗೆ ನಷ್ಟ, ಮೆಣಸಿನಕಾಯಿಯ ತೊಟ್ಟು ಬಿಡಿಸಿ ದಿನಗೂಲಿ ಪಡೆಯುವ ಹೆಣ್ಣುಮಕ್ಕಳಿಗೂ ನಷ್ಟ. ವ್ಯಾಪಾರ ನಿಂತರೆ ಕೊಳ್ಳುವವನಿಗೆ ಮಾತ್ರವಲ್ಲದೆ ಮಾರುವವನಿಗೂ ಪೆಟ್ಟು ಬೀಳುತ್ತದೆ. ಹೀಗಿರುವಾಗ ಒಂದು ದೇಶ ತಾನಾಗಿಯೇ, ಲಾಭದ ವ್ಯಾಪಾರವನ್ನು ತಿಳಿದೂ ತಿಳಿದೂ ನಿಲ್ಲಿಸಿತು ಎಂದರೆ ಅದಕ್ಕೆ ದೊಡ್ಡ ಕಾರಣವೇ ಇರಬೇಕು.

ನಮ್ಮ ಭಾರತ 1946ರಲ್ಲಿ ಹಾಗೆ ಮಾಡಿತು. ದಕ್ಷಿಣ ಆಫ್ರಿಕಾದಲ್ಲಿ ನಡೆಯುತ್ತಿದ್ದ ವರ್ಣಭೇದದ ಅನ್ಯಾಯವನ್ನು ವಿರೋಧಿಸಿ ಆ ದೇಶದೊಂದಿಗಿನ ವ್ಯಾಪಾರವನ್ನು ಕಡಿದುಕೊಂಡ ಮೊದಲ ದೇಶ ಭಾರತ. ಆಗ ನಮಗೆ ಸ್ವಾತಂತ್ರ್ಯ ಇನ್ನೂ ಬಂದಿರಲಿಲ್ಲ ಎಂಬುದನ್ನು ಗಮನಿಸಿರಿ. ಮಾನವ ಹಕ್ಕುಗಳ ಉಲ್ಲಂಘನೆಗೆ ಪ್ರತಿಯಾಗಿ ಒಂದು ದೇಶದ ಮೇಲೆ ಇತರ ದೇಶಗಳು ಹಾಕುವ ಇಂತಹ ಕ್ರಮವನ್ನು ಇಂದು ನಾವು ‘ಅಂತಾರಾಷ್ಟ್ರೀಯ ನಿರ್ಬಂಧ’ ಎನ್ನುತ್ತೇವೆ. ಉರ್ದು ಪತ್ರಿಕೆಗಳಲ್ಲಿ ಇದೇ ‘ಪಾಬಂದಿ’. ಈ ಪದ ಇಂದು ದಿನವೂ ಸುದ್ದಿಯಲ್ಲಿರುತ್ತದೆ. ಆದರೆ ಯಾವ ನಿರ್ಬಂಧ ನ್ಯಾಯವಾದದ್ದು, ಯಾವುದು ತಾನೇ ಅನ್ಯಾಯವಾಗುತ್ತದೆ ಎಂದು ತಿಳಿಯಬೇಕಾದರೆ ಈ ಹಳೆಯ ಕಥೆಯನ್ನು ಓದಬೇಕು.

ಕಬ್ಬಿನ ಗದ್ದೆಗೆ ಹೋದವರು

1860ರ ನವೆಂಬರ್ 16ರಂದು ಮದ್ರಾಸಿನಿಂದ ಹೊರಟ ‘ಟ್ರೂರೊ’ ಎಂಬ ಹಡಗು 342 ಜನ ಕೂಲಿಕಾರರನ್ನು ಹೊತ್ತು ಡರ್ಬಾನ್ ಬಂದರಿಗೆ ತಲುಪಿತು. ನಟಾಲ್ ಪ್ರಾಂತದ ಕಬ್ಬಿನ ತೋಟಗಳಲ್ಲಿ ಐದು ವರ್ಷ ದುಡಿಯುವ ಕರಾರಿಗೆ ಇವರು ಹೆಬ್ಬೆಟ್ಟು ಒತ್ತಿದ್ದರು. ಮುಂದಿನ ಅರ್ಧ ಶತಮಾನದಲ್ಲಿ ಒಂದೂವರೆ ಲಕ್ಷದಷ್ಟು ಜನ ಹೀಗೆ ಹೋದರು. ಅವರ ಬೆನ್ನಿಗೆ ಗುಜರಾತಿನ ವ್ಯಾಪಾರಿಗಳೂ ಸ್ವಂತ ಖರ್ಚಿನಲ್ಲಿ ಹೋಗಿ ಅಂಗಡಿ ತೆರೆದರು. ಇವರಲ್ಲಿ ಮುಸ್ಲಿಮರು ಬಹಳ ಮಂದಿ. ಪೋರಬಂದರ್ ಮೂಲದ ದಾದಾ ಅಬ್ದುಲ್ಲಾ ಅವರ ವ್ಯಾಪಾರ ಸಂಸ್ಥೆಯ ಮೊಕದ್ದಮೆಗಾಗಿಯೇ 1893ರಲ್ಲಿ ಯುವ ವಕೀಲ ಗಾಂಧಿ ಡರ್ಬಾನಿಗೆ ಬಂದದ್ದು.

ಬೆವರು ಬೇಕಿತ್ತು, ಬೆವರು ಹರಿಸಿದ ಮನುಷ್ಯ ಬೇಕಿರಲಿಲ್ಲ. ಕರಾರು ಮುಗಿದ ಮೇಲೂ ಅಲ್ಲಿಯೇ ಉಳಿಯುವ ಕೂಲಿಕಾರನು ವರ್ಷಕ್ಕೆ ಮೂರು ಪೌಂಡ್ ತೆರಿಗೆ ಕೊಡಬೇಕೆಂದು 1895ರಲ್ಲಿ ಕಾನೂನಾಯಿತು. ಟ್ರಾನ್ಸ್‌ವಾಲ್‌ನಲ್ಲಿ ಏಷ್ಯಾದವರೆಲ್ಲ ಬೆರಳಚ್ಚು ಕೊಟ್ಟು ನೋಂದಣಿ ಪತ್ರ ಇಟ್ಟುಕೊಳ್ಳಬೇಕೆಂಬ ಕಾಯ್ದೆ ಬಂತು. ಇದರ ವಿರುದ್ಧ 1906ರ ಸೆಪ್ಟೆಂಬರ್ 11ರಂದು ಜೋಹಾನ್ಸ್‌ಬರ್ಗಿನ ಎಂಪೈರ್ ಥಿಯೇಟರಿನಲ್ಲಿ ಸೇರಿದ ಸಭೆಯಲ್ಲಿ, ದೇವರನ್ನು ಸಾಕ್ಷಿಯಾಗಿಟ್ಟು ಪ್ರತಿಜ್ಞೆ ಮಾಡೋಣವೆಂದು ಹೇಳಿದವರು ಹಾಜಿ ಹಬೀಬ್. 1908ರ ಆಗಸ್ಟ್ 16ರಂದು ಅದೇ ನಗರದ ಹಮೀದಿಯಾ ಮಸೀದಿಯ ಆವರಣದಲ್ಲಿ ಸಾವಿರಾರು ನೋಂದಣಿ ಪತ್ರಗಳನ್ನು ಸುಡಲಾಯಿತು. ಸತ್ಯಾಗ್ರಹ ಹುಟ್ಟಿದ್ದು ಅಲ್ಲಿ, ಹಿಂದೂ ಮುಸ್ಲಿಂ ಪಾರ್ಸಿ ಕ್ರೈಸ್ತರೆಲ್ಲ ಕೂಡಿದ ಆ ಸಭೆಗಳಲ್ಲಿ.

ಇದೇ ಕಾಲದಲ್ಲಿ ಭಾರತದಲ್ಲಿ ಒಂದು ಮಹತ್ವದ ಕೆಲಸ ನಡೆಯಿತು. ಗೋಪಾಲಕೃಷ್ಣ ಗೋಖಲೆಯವರು 1910ರ ಫೆಬ್ರವರಿಯಲ್ಲಿ ವೈಸರಾಯ್ ಅವರ ಶಾಸನಸಭೆಯಲ್ಲಿ ಗೊತ್ತುವಳಿ ಮಂಡಿಸಿ, ನಟಾಲಿಗೆ ಕೂಲಿಕಾರರನ್ನು ಕಳಿಸುವುದನ್ನೇ ನಿಲ್ಲಿಸಬೇಕೆಂದರು. ಸರಕಾರ ಒಪ್ಪಿತು. 1911ರ ಜುಲೈ 1ರಿಂದ ಕೂಲಿಕಾರರ ರವಾನೆ ನಿಂತಿತು. ನಮ್ಮ ಜನರನ್ನು ಮನುಷ್ಯರಂತೆ ಕಾಣದವರಿಗೆ ನಮ್ಮ ಜನರ ದುಡಿಮೆ ಸಿಗದು ಎಂಬುದೇ ಇದರ ಅರ್ಥ. ‘ನಿರ್ಬಂಧ’ ಎಂಬ ಹೆಸರನ್ನು ಆಗ ಯಾರೂ ಕೊಡದಿದ್ದರೂ ಇದು ನಿರ್ಬಂಧವೇ ಆಗಿತ್ತು.

1946: ಕೇಳಿದವರು ಯಾರು?

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಪ್ರಧಾನಿ ಸ್ಮಟ್ಸ್ ಅವರ ಸರಕಾರ ಹೊಸ ಭೂ ಕಾಯ್ದೆಯೊಂದನ್ನು ತಂದಿತು. ನಟಾಲ್ ಮತ್ತು ಟ್ರಾನ್ಸ್‌ವಾಲ್‌ನಲ್ಲಿ ಭಾರತೀಯರು ಗೊತ್ತುಪಡಿಸಿದ ಪ್ರದೇಶದ ಹೊರಗೆ ಜಮೀನು ಕೊಳ್ಳುವಂತಿಲ್ಲ, ವಾಸಿಸುವಂತಿಲ್ಲ ಎಂಬುದು ಅದರ ತಿರುಳು. ಜನ ಇದನ್ನು ‘ಘೆಟ್ಟೊ ಕಾಯ್ದೆ’ ಎಂದೇ ಕರೆದರು.

ಇಲ್ಲಿ ನೀವು ಒಂದು ಸಂಗತಿಯನ್ನು ಮರೆಯದೆ ನೆನಪಿಟ್ಟುಕೊಳ್ಳಬೇಕು. ನಿರ್ಬಂಧ ಹಾಕಿರೆಂದು ಮೊದಲು ಕೇಳಿದವರು ದೆಹಲಿಯ ಅಧಿಕಾರಿಗಳಲ್ಲ, ಅನ್ಯಾಯವನ್ನು ಅನುಭವಿಸುತ್ತಿದ್ದ ಜನರೇ. ದಕ್ಷಿಣ ಆಫ್ರಿಕಾ ಇಂಡಿಯನ್ ಕಾಂಗ್ರೆಸ್ಸಿನ ನಿಯೋಗವು 1946ರ ಮಾರ್ಚ್‌ನಲ್ಲಿ ಭಾರತಕ್ಕೆ ಬಂದು, ಆಗಾಖಾನ್ ಅವರ ಮುಂದಾಳತ್ವದಲ್ಲಿ ವೈಸರಾಯ್ ವೇವೆಲ್ ಅವರನ್ನು ಕಂಡಿತು. ಮೊದಲು ದುಂಡುಮೇಜಿನ ಮಾತುಕತೆಗೆ ಕರೆಯಿರಿ, ಅವರು ಒಪ್ಪದಿದ್ದರೆ ಹೈಕಮಿಷನರನ್ನು ಹಿಂದಕ್ಕೆ ಕರೆಸಿಕೊಂಡು ವ್ಯಾಪಾರ ನಿಲ್ಲಿಸಿರಿ ಎಂಬುದು ಅವರ ಬೇಡಿಕೆ. ಭಾರತದಿಂದ ಸರಕು ತರಿಸಿ ಮಾರುತ್ತಿದ್ದ ವ್ಯಾಪಾರಿಗಳು ಅವರ ಸಮುದಾಯದಲ್ಲೇ ಇದ್ದರು. ತಮ್ಮವರ ಅಂಗಡಿಗೆ ಪೆಟ್ಟು ಬೀಳುವುದು ಗೊತ್ತಿದ್ದೂ ಅವರು ಇದನ್ನು ಕೇಳಿದರು.

ಮಾರ್ಚ್ 25ರಂದು ಭಾರತ ಸರಕಾರ ವ್ಯಾಪಾರ ಒಪ್ಪಂದ ಮುಗಿಸುವ ನೋಟಿಸು ಕೊಟ್ಟಿತು. ಸ್ಮಟ್ಸ್ ಸರಕಾರ ಕಿವಿಗೊಡಲಿಲ್ಲ. ಜೂನ್‌ನಲ್ಲಿ ಕಾಯ್ದೆ ಜಾರಿಗೆ ಬಂತು. ಜೂನ್ 13ರಿಂದ ಡರ್ಬಾನಿನಲ್ಲಿ ಸತ್ಯಾಗ್ರಹ ಆರಂಭವಾಯಿತು. ಡಾ. ಯೂಸುಫ್ ದಾದೂ ಮತ್ತು ಡಾ. ಮಾಂಟಿ ನಾಯ್ಕರ್ ಅದರ ಮುಖಂಡರು. ನಿಷೇಧಿತ ಜಾಗದಲ್ಲಿ ಡೇರೆ ಹಾಕಿ ಕುಳಿತು ಜೈಲಿಗೆ ಹೋದವರ ಸಂಖ್ಯೆ ಎರಡು ವರ್ಷಗಳಲ್ಲಿ ಸುಮಾರು 2,000 ಆಯಿತು. ಹದಿಹರೆಯದ ಅಹಮದ್ ಕಥ್ರಾಡಾ ಕೂಡ ಆಗಲೇ ಜೈಲು ಕಂಡರು.

1946ರ ಜುಲೈ 17ರಂದು ಭಾರತ ದಕ್ಷಿಣ ಆಫ್ರಿಕಾದೊಂದಿಗಿನ ವ್ಯಾಪಾರವನ್ನು ಪೂರ್ತಿ ನಿಷೇಧಿಸಿತು. ಆಗ ನಮ್ಮ ರಫ್ತಿನ ಸುಮಾರು ಶೇಕಡಾ 5ರಷ್ಟು ಆ ದೇಶಕ್ಕೆ ಹೋಗುತ್ತಿತ್ತು. ಅಲ್ಲಿಯ ಧಾನ್ಯ ತುಂಬಲು ನಮ್ಮ ಗೋಣಿಚೀಲಗಳೇ ಹೋಗುತ್ತಿದ್ದವು. ಯುದ್ಧದಿಂದ ಬಸವಳಿದಿದ್ದ, ಬಂಗಾಳದ ಬರಗಾಲ ಕಂಡು ಮೂರು ವರ್ಷವಾಗಿದ್ದ ಬಡ ದೇಶಕ್ಕೆ ಇದು ಸಣ್ಣ ತ್ಯಾಗವಲ್ಲ. ವಿಶ್ವಸಂಸ್ಥೆಯಲ್ಲಿ ವಿಜಯಲಕ್ಷ್ಮಿ ಪಂಡಿತ್ ಅವರು ಭಾರತದ ವಾದ ಮಂಡಿಸಿದರು. ಡಿಸೆಂಬರ್ 8ರಂದು ಮಹಾಸಭೆ ಭಾರತದ ಪರವಾಗಿ ನಿರ್ಣಯ ಮಾಡಿತು. ಪರ 32, ವಿರೋಧ 15, ತಟಸ್ಥ 7. ಒಂದು ದೇಶ ತನ್ನ ಪ್ರಜೆಗಳನ್ನು ಹೇಗೆ ನಡೆಸಿಕೊಂಡರೂ ಅದು ಅದರ ಮನೆಯ ವಿಷಯ ಎಂಬ ಸ್ಮಟ್ಸ್ ಅವರ ವಾದಕ್ಕೆ ಅಂದು ಸೋಲಾಯಿತು.

ನಮ್ಮ ನೆಲಕ್ಕೂ ಗೊತ್ತಿದ್ದ ದಾರಿ

ನಷ್ಟವನ್ನು ತಾನು ಹೊತ್ತು ಅನ್ಯಾಯಕ್ಕೆ ಸಹಕಾರ ನಿರಾಕರಿಸುವ ಈ ದಾರಿ ನಮ್ಮ ಭಾಗದವರಿಗೆ ಹೊಸದೇನಲ್ಲ. ಖಿಲಾಫತ್ ಚಳವಳಿಯ ಕಾಲದಲ್ಲಿ ನಮ್ಮ ಹಿರಿಯರು ಇದನ್ನು ಉರ್ದುವಿನಲ್ಲಿ ‘ತರ್ಕೆ ಮವಾಲಾತ್’ ಎಂದರು. ಕನ್ನಡದಲ್ಲಿ ಇದು ಅಸಹಕಾರ. ಬ್ಯಾಡಗಿ ತಾಲ್ಲೂಕಿನ ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು 1930ರಲ್ಲಿ ಗಾಂಧೀಜಿಯವರೊಂದಿಗೆ ದಂಡಿಯವರೆಗೆ ನಡೆದವರು. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಹಿರೇಕೆರೂರು ತಾಲ್ಲೂಕಿನ ರೈತರು 1932ರ ಕರನಿರಾಕರಣೆಯಲ್ಲಿ ಅಂಕೋಲಾ, ಸಿದ್ದಾಪುರದವರ ಜೊತೆ ನಿಂತರು. ಕರ ಕೊಡದವರ ಜಮೀನು ಜಪ್ತಾಗುತ್ತದೆಂದು ಗೊತ್ತಿದ್ದೇ ಅವರು ಕೊಡಲಿಲ್ಲ. ದೊಡ್ಡ ದೇಶಗಳ ನಡುವಿನ ನಿರ್ಬಂಧವೆಂಬುದು ಈ ರೈತರ ಹಟದ ದೊಡ್ಡ ರೂಪವೇ ಆಗಿದೆ.

ನಲವತ್ತೇಳು ವರ್ಷಗಳ ಹಾದಿ

1948ರಲ್ಲಿ ನ್ಯಾಷನಲ್ ಪಾರ್ಟಿ ಅಧಿಕಾರಕ್ಕೆ ಬಂದು ‘ಅಪಾರ್ಥೈಡ್’ ಎಂಬ ಹೆಸರಿನಲ್ಲಿ ವರ್ಣಭೇದವನ್ನೇ ರಾಜ್ಯನೀತಿ ಮಾಡಿತು. ಶಾಲೆ, ಆಸ್ಪತ್ರೆ, ಬಸ್ಸು, ಸಮುದ್ರದ ದಂಡೆ ಎಲ್ಲವೂ ಬಣ್ಣದ ಪ್ರಕಾರ ಬೇರೆ ಬೇರೆಯಾದವು. ಇಷ್ಟರಲ್ಲಿ ಭಾರತೀಯರ ಹೋರಾಟವೂ ಬೆಳೆದಿತ್ತು. 1947ರ ಮಾರ್ಚ್‌ನಲ್ಲಿ ಡಾ. ದಾದೂ ಮತ್ತು ಡಾ. ನಾಯ್ಕರ್ ಅವರು ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ಡಾ. ಜ಼ೂಮಾ ಅವರೊಂದಿಗೆ ಒಪ್ಪಂದ ಮಾಡಿಕೊಂಡಿದ್ದರು. ನಮಗೆ ಮಾತ್ರ ಹಕ್ಕು ಕೊಡಿ ಎಂಬ ಬೇಡಿಕೆ ಎಲ್ಲರಿಗೂ ಹಕ್ಕು ಬೇಕು ಎಂಬ ಬೇಡಿಕೆಯಾಯಿತು. ಮೂವರೂ ವೈದ್ಯರಾದ್ದರಿಂದ ಇದಕ್ಕೆ ‘ಮೂವರು ಡಾಕ್ಟರರ ಒಪ್ಪಂದ’ ಎಂಬ ಹೆಸರು ಬಂತು.

1960ರ ಮಾರ್ಚ್ 21ರಂದು ಶಾರ್ಪ್‌ವಿಲ್‌ನಲ್ಲಿ ಪೊಲೀಸರು ಪಾಸ್ ಕಾಯ್ದೆ ವಿರೋಧಿಸಿದ ಜನರ ಮೇಲೆ ಗುಂಡು ಹಾರಿಸಿದಾಗ 69 ಜನ ಸತ್ತರು. 1962ರ ನವೆಂಬರ್‌ನಲ್ಲಿ ವಿಶ್ವಸಂಸ್ಥೆಯ ಮಹಾಸಭೆ, ದಕ್ಷಿಣ ಆಫ್ರಿಕಾದೊಂದಿಗೆ ಸಂಬಂಧ ಕಡಿದುಕೊಳ್ಳಿರೆಂದು ಸದಸ್ಯ ದೇಶಗಳಿಗೆ ಕರೆ ಕೊಟ್ಟಿತು. ಅದರ ವರ್ಣಭೇದ ವಿರೋಧಿ ಸಮಿತಿಯ ಕೆಲಸವನ್ನು ವರ್ಷಾನುಗಟ್ಟಲೆ ನಡೆಸಿದವರು ಇಂದಿನ ಆಂಧ್ರಪ್ರದೇಶದಲ್ಲಿ ಹುಟ್ಟಿದ ಇ. ಎಸ್. ರೆಡ್ಡಿ. ಆದರೆ ಚಿನ್ನ, ವಜ್ರ, ಬಂಡವಾಳದ ಸಂಬಂಧವಿದ್ದ ಬಲಿಷ್ಠ ದೇಶಗಳು ಬೇಗ ಅಲುಗಾಡಲಿಲ್ಲ. 1974ರ ಅಕ್ಟೋಬರ್‌ನಲ್ಲಿ ದಕ್ಷಿಣ ಆಫ್ರಿಕಾವನ್ನು ವಿಶ್ವಸಂಸ್ಥೆಯಿಂದ ಹೊರಹಾಕುವ ಪ್ರಸ್ತಾಪಕ್ಕೆ ಅಮೆರಿಕ, ಬ್ರಿಟನ್, ಫ್ರಾನ್ಸ್ ಮೂರೂ ವೀಟೊ ಹಾಕಿದವು. ಅದೇ ವರ್ಷ ಡೇವಿಸ್ ಕಪ್ ಟೆನಿಸ್‌ನಲ್ಲಿ ಫೈನಲ್ ತಲುಪಿದ್ದ ಭಾರತ, ಎದುರಾಳಿ ದಕ್ಷಿಣ ಆಫ್ರಿಕಾ ಎಂಬ ಕಾರಣಕ್ಕೆ ಆಡಲು ನಿರಾಕರಿಸಿತು. ಕಪ್ಪು ಅವರ ಪಾಲಾಯಿತು. ಭಾರತೀಯರ ಪಾಸ್‌ಪೋರ್ಟಿನಲ್ಲಿ ದಕ್ಷಿಣ ಆಫ್ರಿಕಾ ಬಿಟ್ಟು ಎಂಬ ಷರಾ ಇರುತ್ತಿದ್ದ ಕಾಲವದು.

ಇಷ್ಟೆಲ್ಲ ಏಕೆ ಬೇಕಾಗಿತ್ತು ಎಂದು ಕೇಳುವವರಿಗೆ ಒಬ್ಬ ಶಿಕ್ಷಕರ ಹೆಸರನ್ನು ಹೇಳುತ್ತೇನೆ: ಅಹಮದ್ ತಿಮೋಲ್. ಭಾರತೀಯ ಮೂಲದ ಈ ಯುವಕ ರೂಡೆಪೂರ್ಟ್ ಎಂಬಲ್ಲಿ ಶಾಲಾ ಶಿಕ್ಷಕರಾಗಿದ್ದರು. 1971ರ ಅಕ್ಟೋಬರ್‌ನಲ್ಲಿ ಪೊಲೀಸರು ಅವರನ್ನು ಹಿಡಿದರು. ಕೆಲವೇ ದಿನಗಳಲ್ಲಿ, ಅಕ್ಟೋಬರ್ 27ರಂದು, ಜೋಹಾನ್ಸ್‌ಬರ್ಗಿನ ಪೊಲೀಸ್ ಕಟ್ಟಡದ ಮೇಲಿನಿಂದ ಬಿದ್ದು ಸತ್ತರು. ಆತ್ಮಹತ್ಯೆ ಎಂದು 1972ರ ವಿಚಾರಣೆ ತೀರ್ಪು ಕೊಟ್ಟಿತು. ಕುಟುಂಬದವರು ಬಿಡಲಿಲ್ಲ. 2017ರಲ್ಲಿ ಮರುವಿಚಾರಣೆ ನಡೆದು, ಅದು ಆತ್ಮಹತ್ಯೆಯಲ್ಲ, ಪೊಲೀಸರು ಮಾಡಿದ ಕೊಲೆ ಎಂದು ನ್ಯಾಯಾಲಯ ಹೇಳಿತು. ಸತ್ಯ ಹೊರಬರಲು 46 ವರ್ಷ ಬೇಕಾಯಿತು. ದೇಶದೊಳಗಿನ ನ್ಯಾಯಾಲಯವೇ ಕಣ್ಣು ಮುಚ್ಚಿದಾಗ ಹೊರಗಿನವರ ಒತ್ತಡವಲ್ಲದೆ ಬೇರೆ ಯಾವ ಆಸರೆ ಇತ್ತು?

ಸರಕಾರಗಳು ಹಿಂದೇಟು ಹಾಕಿದ ಕಡೆ ಸಾಮಾನ್ಯ ಜನ ಮುಂದೆ ಬಂದರು. 1984ರಲ್ಲಿ ಐರ್ಲೆಂಡಿನ ಡಬ್ಲಿನ್ ನಗರದ ಅಂಗಡಿಯೊಂದರಲ್ಲಿ ಬಿಲ್ ಬರೆಯುತ್ತಿದ್ದ ಮೇರಿ ಮ್ಯಾನಿಂಗ್ ಎಂಬ ಯುವತಿ ದಕ್ಷಿಣ ಆಫ್ರಿಕಾದ ಹಣ್ಣು ಮಾರಲು ಒಪ್ಪಲಿಲ್ಲ. ಕೆಲಸದಿಂದ ಅಮಾನತಾದಳು. ಜೊತೆಗಾರರೂ ಮುಷ್ಕರ ಹೂಡಿದರು. 1987ರಲ್ಲಿ ಐರ್ಲೆಂಡ್ ಸರಕಾರ ಆ ದೇಶದ ಹಣ್ಣು, ತರಕಾರಿಗಳ ಆಮದನ್ನೇ ನಿಷೇಧಿಸಿತು. ‘ಬಾಯ್ಕಾಟ್’ ಎಂಬ ಪದ ಹುಟ್ಟಿದ್ದೂ ಅದೇ ಐರ್ಲೆಂಡಿನಲ್ಲಿ. 1880ರಲ್ಲಿ ಬಡ ಗೇಣಿದಾರರು ಅಸಹಕಾರ ಹೂಡಿದ್ದು ಕ್ಯಾಪ್ಟನ್ ಬಾಯ್ಕಾಟ್ ಎಂಬ ಜಮೀನ್ದಾರಿ ಏಜೆಂಟನ ವಿರುದ್ಧ.

1977ರಲ್ಲಿ ಭದ್ರತಾ ಮಂಡಳಿ ಶಸ್ತ್ರಾಸ್ತ್ರ ಮಾರಾಟವನ್ನು ಕಡ್ಡಾಯವಾಗಿ ನಿಷೇಧಿಸಿತು. 1985ರಲ್ಲಿ ವಿದೇಶಿ ಬ್ಯಾಂಕುಗಳು ಸಾಲ ಮುಂದುವರಿಸಲು ಹಿಂಜರಿದವು. 1986ರಲ್ಲಿ ಅಧ್ಯಕ್ಷ ರೇಗನ್ ಅವರ ವೀಟೊವನ್ನೂ ಮೀರಿ ಅಮೆರಿಕದ ಸಂಸತ್ತು ನಿರ್ಬಂಧ ಕಾಯ್ದೆ ಮಾಡಿತು. 1990ರ ಫೆಬ್ರವರಿ 11ರಂದು ಮಂಡೇಲಾ ಜೈಲಿನಿಂದ ಹೊರಬಂದರು. ಅವರೊಂದಿಗೆ ಜೀವಾವಧಿ ಶಿಕ್ಷೆಗೊಳಗಾಗಿದ್ದ ಕಥ್ರಾಡಾ 26 ವರ್ಷಗಳ ಸೆರೆವಾಸ ಮುಗಿಸಿ 1989ರ ಅಕ್ಟೋಬರ್‌ನಲ್ಲೇ ಬಿಡುಗಡೆಯಾಗಿದ್ದರು. ನಿರ್ಬಂಧವೊಂದೇ ಇದನ್ನೆಲ್ಲ ಮಾಡಿತು ಎಂದರೆ ಅದು ಉತ್ಪ್ರೇಕ್ಷೆ. ಒಳಗಿನ ಜನರ ಹೋರಾಟವೇ ಮುಖ್ಯ. ಆದರೆ ಹೊರಗಿನ ಒತ್ತಡ ಆ ಹೋರಾಟದ ಬೆನ್ನಿಗೆ ನಿಂತಿತು.

ಬದಲಾವಣೆ ಆರಂಭವಾದ ಕೂಡಲೇ ನಿರ್ಬಂಧಗಳೂ ಒಂದೊಂದಾಗಿ ಸಡಿಲಾದವು. 1991ರ ನವೆಂಬರ್ 10ರಂದು ದಕ್ಷಿಣ ಆಫ್ರಿಕಾ ತನ್ನ ಮೊದಲ ಏಕದಿನ ಅಂತಾರಾಷ್ಟ್ರೀಯ ಪಂದ್ಯ ಆಡಿದ್ದು ನಮ್ಮ ಕಲ್ಕತ್ತೆಯ ಈಡನ್ ಗಾರ್ಡನ್ಸ್‌ನಲ್ಲಿ. 1992ರಲ್ಲಿ ಅಜರುದ್ದೀನ್ ನಾಯಕತ್ವದ ಭಾರತ ತಂಡ ಅಲ್ಲಿಗೆ ಪ್ರವಾಸ ಹೋದಾಗ ಕರ್ನಾಟಕದ ಕುಂಬ್ಳೆ, ಶ್ರೀನಾಥ್ ಆ ತಂಡದಲ್ಲಿದ್ದರು. 1993ರ ನವೆಂಬರ್‌ನಲ್ಲಿ ಎರಡೂ ದೇಶಗಳ ರಾಜತಾಂತ್ರಿಕ ಸಂಬಂಧ ಮತ್ತೆ ಕೂಡಿತು. 1994ರ ಏಪ್ರಿಲ್ 27ರಂದು ಎಲ್ಲ ಬಣ್ಣದವರೂ ಒಂದೇ ಸಾಲಿನಲ್ಲಿ ನಿಂತು ಮತ ಹಾಕಿದರು.

ಇರಾಕ್ ಕಲಿಸಿದ ಕಹಿ ಪಾಠ

ಇಲ್ಲಿಗೆ ನಿಲ್ಲಿಸಿದರೆ ನಿರ್ಬಂಧವೆಂದರೆ ಯಾವಾಗಲೂ ಒಳ್ಳೆಯದೇ ಎಂದು ನೀವು ತಿಳಿಯಬಹುದು. ಆದ್ದರಿಂದ ಇನ್ನೊಂದು ಮುಖವನ್ನೂ ನೋಡೋಣ.

ಇರಾಕ್ ಕುವೈತನ್ನು ಆಕ್ರಮಿಸಿದಾಗ 1990ರ ಆಗಸ್ಟ್ 6ರಂದು ಭದ್ರತಾ ಮಂಡಳಿ ಆ ದೇಶದ ಇಡೀ ವ್ಯಾಪಾರವನ್ನು ತಡೆಯಿತು. ಕಾರಣ ಮಾನವ ಹಕ್ಕಿನ ವಿಷಯವಲ್ಲ, ಆಕ್ರಮಣ. 1991ರಲ್ಲಿ ಕುವೈತ್ ಬಿಡುಗಡೆಯಾದ ಮೇಲೂ ನಿರ್ಬಂಧ ಹೋಗಲಿಲ್ಲ. ಶಸ್ತ್ರಾಸ್ತ್ರ ತಪಾಸಣೆಯ ಷರತ್ತುಗಳು ಬಂದವು. ಆ ಷರತ್ತು ಪೂರೈಸಿದರೂ ನಿರ್ಬಂಧ ತೆಗೆಯುತ್ತಾರೆಯೇ ಎಂಬುದು ಸ್ಪಷ್ಟವಾಗಿರಲಿಲ್ಲ. ತೈಲ ಮಾರಿ ಆಹಾರ, ಔಷಧ ಕೊಳ್ಳುವ ಯೋಜನೆ ಜಾರಿಗೆ ಬಂದದ್ದು 1996ರ ಕೊನೆಗೆ. ಅರಮನೆಯಲ್ಲಿದ್ದ ಸದ್ದಾಂ ಹುಸೇನರಿಗೆ ಊಟ ಕಡಿಮೆಯಾಗಲಿಲ್ಲ. ಔಷಧವಿಲ್ಲದೆ, ಶುದ್ಧ ನೀರಿಲ್ಲದೆ ನರಳಿದವರು ಬಡವರು ಮತ್ತು ಮಕ್ಕಳು. ಬಾಗ್ದಾದಿನಲ್ಲಿ ವಿಶ್ವಸಂಸ್ಥೆಯ ಪರಿಹಾರ ಕಾರ್ಯದ ಮುಖ್ಯಸ್ಥರಾಗಿದ್ದ ಡೆನಿಸ್ ಹ್ಯಾಲಿಡೇ 1998ರಲ್ಲಿ ಇದನ್ನು ಪ್ರತಿಭಟಿಸಿ ರಾಜೀನಾಮೆ ಕೊಟ್ಟರು. ಅವರ ಜಾಗಕ್ಕೆ ಬಂದ ಹಾನ್ಸ್ ಫಾನ್ ಸ್ಪೊನೆಕ್ ಕೂಡ 2000ದಲ್ಲಿ ಅದನ್ನೇ ಮಾಡಿದರು. ಈ ನಿರ್ಬಂಧದ ಬಹುಭಾಗ ಕೊನೆಗೊಂಡದ್ದು 2003ರಲ್ಲಿ, ಯುದ್ಧದ ನಂತರ.

ಇದರಿಂದ ಜಗತ್ತು ಸ್ವಲ್ಪ ಪಾಠ ಕಲಿಯಿತು. ಇಡೀ ಜನರನ್ನು ದಂಡಿಸುವ ಬದಲು ತಪ್ಪಿತಸ್ಥ ಅಧಿಕಾರಿಯ ಬ್ಯಾಂಕ್ ಖಾತೆ ಮುಟ್ಟುಗೋಲು ಹಾಕುವುದು, ಅವನಿಗೆ ವೀಸಾ ನಿರಾಕರಿಸುವುದು ಮುಂತಾದ ಕ್ರಮಗಳು ಬಂದವು. ಅಮೆರಿಕ 2012 ಮತ್ತು 2016ರಲ್ಲಿ, ಯುರೋಪಿಯನ್ ಒಕ್ಕೂಟ 2020ರ ಡಿಸೆಂಬರ್‌ನಲ್ಲಿ ಇಂತಹ ಕಾನೂನು ಮಾಡಿಕೊಂಡವು. ಆದರೂ ಬಲಿಷ್ಠ ದೇಶಗಳು ತಮಗೆ ಬೇಕಾದವರ ತಪ್ಪಿಗೆ ಕಣ್ಣು ಮುಚ್ಚಿ, ಬೇಡವಾದವರ ತಪ್ಪನ್ನು ಮಾತ್ರ ಎಣಿಸುತ್ತವೆ ಎಂಬ ದೂರು ಹೋಗಿಲ್ಲ. 1974ರ ಮೂರು ವೀಟೊಗಳನ್ನು ನೆನೆದರೆ ಆ ದೂರು ಸುಳ್ಳೆನ್ನಲಾಗದು.

ಮೂರು ಪ್ರಶ್ನೆಗಳು

ವಿದ್ಯಾರ್ಥಿಗಳೇ, ಈ ಎರಡು ಕಥೆಗಳನ್ನು ಅಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಮೂರು ಪ್ರಶ್ನೆಗಳು ಸಿಗುತ್ತವೆ. ಯಾವುದೇ ನಿರ್ಬಂಧದ, ಬಹಿಷ್ಕಾರದ ಸುದ್ದಿ ಕೇಳಿದಾಗ ಇವನ್ನು ಕೇಳಿಕೊಳ್ಳಿರಿ.

ಮೊದಲನೆಯದು: ನೊಂದವರು ಇದನ್ನು ಕೇಳಿದ್ದಾರೆಯೇ? ದಕ್ಷಿಣ ಆಫ್ರಿಕಾದಲ್ಲಿ ಕೇಳಿದ್ದರು. 1946ರಲ್ಲಿ ಭಾರತೀಯರು, 1959ರಿಂದ ಆಲ್ಬರ್ಟ್ ಲುಥುಲಿಯವರಂತಹ ಆಫ್ರಿಕನ್ ನಾಯಕರು, ನಮಗೆ ಕಷ್ಟವಾದರೂ ಸರಿ ಎಂದು ಹೇಳಿಯೇ ಕೇಳಿದ್ದರು.

ಎರಡನೆಯದು: ಹಾಕುವವರು ತಾವೂ ನಷ್ಟ ಹೊರುತ್ತಿದ್ದಾರೆಯೇ, ಇಲ್ಲವೇ ಎಲ್ಲ ಭಾರವೂ ಬಡವನ ತಲೆಯ ಮೇಲೆಯೇ ಬೀಳುತ್ತಿದೆಯೇ?

ಮೂರನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಇದರಿಂದ ಹೊರಬರಲು ಬಾಗಿಲಿದೆಯೇ? ದಕ್ಷಿಣ ಆಫ್ರಿಕಾದ ಸರಕಾರದ ಮುಂದೆ ಬಾಗಿಲು ಯಾವಾಗಲೂ ತೆರೆದಿತ್ತು: ಕಾಯ್ದೆ ರದ್ದು ಮಾಡು, ಎಲ್ಲರಿಗೂ ಮತ ಕೊಡು, ನಿರ್ಬಂಧ ಹೋಗುತ್ತದೆ. ಹಾಗೆಯೇ ಹೋಯಿತು.

ಈ ಮೂರನೆಯ ಪ್ರಶ್ನೆ ನಮ್ಮ ಊರಿನ ಮಟ್ಟದಲ್ಲೂ ಉಪಯೋಗಕ್ಕೆ ಬರುತ್ತದೆ. ಬಹಿಷ್ಕಾರ ಎಂಬ ಪದ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ದಲಿತ ಕುಟುಂಬಕ್ಕೆ ಅಂಗಡಿಯ ಸಾಮಾನು, ಬಾವಿಯ ನೀರು ನಿಲ್ಲಿಸಿದಾಗಲೂ ಅದೇ ಪದ. 2022ರ ಮಾರ್ಚ್‌ನಲ್ಲಿ ಕರಾವಳಿಯ ಕೆಲವು ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳಿಗೆ ಅಂಗಡಿ ಹಾಕಲು ಜಾಗವಿಲ್ಲವೆಂದಾಗಲೂ ಅದೇ ಪದ. ಹೆಸರು ಒಂದೇ ಆದರೂ ಇವು ಒಂದೇ ಅಲ್ಲ. ಬಳೆ ಮಾರುವವನು, ಕಬ್ಬಿನ ಹಾಲು ಮಾರುವವನು ಯಾವ ಕಾಯ್ದೆ ಮಾಡಿದ್ದ, ಯಾವುದನ್ನು ರದ್ದು ಮಾಡಬೇಕಿತ್ತು? ಹುಟ್ಟನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಾರರು. ಮಾಡಿದ ಕೆಲಸಕ್ಕೆ ಹಾಕುವ ನಿರ್ಬಂಧಕ್ಕೆ ಬಾಗಿಲಿರುತ್ತದೆ. ಹುಟ್ಟಿಗೆ ಹಾಕುವ ಬಹಿಷ್ಕಾರಕ್ಕೆ ಗೋಡೆ ಮಾತ್ರ. ಅಪಾರ್ಥೈಡ್ ಕೂಡ ಹುಟ್ಟಿಗೆ ಹಾಕಿದ ಬಹಿಷ್ಕಾರವೇ ಆಗಿತ್ತಲ್ಲವೇ?

ಈ ಅಳತೆಗೋಲು ನಮಗೂ ಅನ್ವಯಿಸುತ್ತದೆ ಎಂಬುದನ್ನು ಮರೆಯಬಾರದು. ಮೊಬೈಲಿನಲ್ಲಿ ಇಂತಹವರ ಅಂಗಡಿಗೆ ಹೋಗಬೇಡಿ, ಇಂತಹ ಕಂಪನಿಯ ಸಾಮಾನು ಮುಟ್ಟಬೇಡಿ ಎಂಬ ಸಂದೇಶಗಳು ಎಲ್ಲ ಕಡೆಯಿಂದಲೂ ಬರುತ್ತವೆ. ಅವುಗಳನ್ನು ಮುಂದಕ್ಕೆ ಕಳಿಸುವ ಮೊದಲು ಈ ಮೂರು ಪ್ರಶ್ನೆ ಕೇಳಿರಿ. ಕೋಪ ನ್ಯಾಯವಾದದ್ದಾದರೂ ಸುದ್ದಿ ಸುಳ್ಳಿರಬಹುದು. ಸುದ್ದಿ ನಿಜವಾದರೂ ಪೆಟ್ಟು ನಿರಪರಾಧಿಗೆ ಬೀಳಬಹುದು.

ಸ್ವತಃ ಪರಾಧೀನವಾಗಿದ್ದ ನಮ್ಮ ದೇಶ ಬೇರೊಂದು ದೇಶದ ನೊಂದವರಿಗಾಗಿ ತನ್ನ ವ್ಯಾಪಾರ ಬಿಟ್ಟುಕೊಟ್ಟಿತು ಎಂಬುದು ನಮ್ಮೆಲ್ಲರ ಹೆಮ್ಮೆ. ಆ ನಿರ್ಧಾರದ ಹಿಂದೆ ಹಾಜಿ ಹಬೀಬ್, ಗೋಖಲೆ, ಗಾಂಧಿ, ದಾದೂ, ನಾಯ್ಕರ್ ಎಲ್ಲರ ದುಡಿಮೆಯೂ ಇತ್ತು. ಶಾಲೆಯ ಪುಸ್ತಕದಲ್ಲಿ ಇದು ಒಂದೆರಡು ಸಾಲಿನಲ್ಲಿ ಮುಗಿದುಹೋಗಬಹುದು. ನೀವು ಅಷ್ಟಕ್ಕೇ ನಿಲ್ಲಿಸದೆ ಗ್ರಂಥಾಲಯಕ್ಕೆ ಹೋಗಿ ಮುಂದೆ ಓದಿರಿ, ಮನೆಯಲ್ಲಿ ಹಿರಿಯರೊಂದಿಗೆ ಚರ್ಚಿಸಿರಿ. ನಾಳೆ ನಿಮ್ಮಲ್ಲಿ ಕೆಲವರು ವ್ಯಾಪಾರಿಗಳಾಗುತ್ತೀರಿ, ಕೆಲವರು ಅಧಿಕಾರಿಗಳು, ವಕೀಲರು, ಶಿಕ್ಷಕರಾಗುತ್ತೀರಿ. ಯಾರೊಂದಿಗೆ ಕೊಡುಕೊಳ್ಳುವಿಕೆ ಇರಬೇಕು, ಯಾವಾಗ ಅದನ್ನು ನಿಲ್ಲಿಸಬೇಕು, ನಿಲ್ಲಿಸಿದ್ದನ್ನು ಯಾವಾಗ ಮತ್ತೆ ಆರಂಭಿಸಬೇಕು ಎಂಬ ಪ್ರಶ್ನೆ ಆಗ ನಿಮ್ಮ ಮುಂದೆಯೂ ಬಂದೇ ಬರುತ್ತದೆ.